ಈನಸ್ ಪ್ರೇಟರನ ಮನೆಯ ಒಂದು ಗೀಟು

ಮ್ಯಾಬ್ರಿ ಕೌಂಟಿಯಲ್ಲಿ ಯಾರ ಮನೆಯಲ್ಲಾದರೂ ಮುತ್ತಜ್ಜನ ಅಪ್ಪ ಯಾರು, ಅವನು ವರ್ಜೀನಿಯಾದಿಂದ ಬಂದವನೋ ಕ್ಯಾರೊಲೈನಾದಿಂದ ಬಂದವನೋ ಎಂಬ ವಾದ ಎದ್ದರೆ, ಅದು ಕೈಕೈ ಮಿಲಾಯಿಸುವ ಮಟ್ಟಕ್ಕೆ ಹೋಗುವ ಮೊದಲೇ ಯಾರಾದರೊಬ್ಬರು "ಆರ್ಡಿತ್‌ನ ಕೇಳ್ರಪ್ಪ" ಎನ್ನುತ್ತಿದ್ದರು. ಆರ್ಡಿತ್ ಸ್ಪರ್ಲಾಕ್ ಹೇಳಿದ ಮೇಲೆ ಅದಕ್ಕೆ ಮೇಲ್ಮನವಿ ಇರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಬೀನ್ಸ್ ಬೇಯಿಸಿ, ಮೆಕ್ಕೆಜೋಳದ ಬ್ರೆಡ್ಡು ಸುಟ್ಟು ನಿವೃತ್ತಳಾದ ಹೆಂಗಸು ಅವಳು. ಓದಿದ್ದು ಹೈಸ್ಕೂಲು. ಆದರೆ ಸತ್ತವರ ವಿಷಯದಲ್ಲಿ ಅವಳಿಗೆ ಎದುರಾಡಬಲ್ಲವರು ಆ ಕೌಂಟಿಯಲ್ಲಿ ಹುಟ್ಟಿರಲಿಲ್ಲ. ಒಮ್ಮೆ ಯಾರದೋ ಮಣ್ಣಿಗೆ ಹೋದವಳು, ಪೆಟ್ಟಿಗೆ ಕುಣಿಗೆ ಇಳಿಯುವ ಮೊದಲೇ ಅವನ ವಿಧವೆಯ ಕಿವಿಯಲ್ಲಿ, ಕಲ್ಲಿನ ಮೇಲೆ ಹುಟ್ಟಿದ ವರ್ಷ ತಪ್ಪಾಗಿದೆ ಎಂದು ಉಸುರಿದ್ದಳು. ಆ ವಿಧವೆ ಎರಡು ವರ್ಷ ಅವಳ ಜೊತೆ ಮಾತು ಬಿಟ್ಟಳು. ಕಲ್ಲನ್ನು ಮಾತ್ರ ತಿದ್ದಿಸಿದಳು.

ಈ ಹುಚ್ಚು ಅಂಟಿಕೊಂಡದ್ದು ಮದುವೆಯ ಕಾಲದಲ್ಲಿ. ಕ್ಲೋವಿಸ್ ಬಂದು ಮದುವೆಯಾಗ್ತೀಯಾ ಎಂದು ಕೇಳಿದಾಗ ಅವಳಿಗೆ ಹತ್ತೊಂಬತ್ತು. ಅವನೂ ಸ್ಪರ್ಲಾಕ್, ಇವಳೂ ಸ್ಪರ್ಲಾಕ್. ಪ್ಲಮ್ ಲಿಕ್ ಹೊಳೆಯ ಆ ದಡದವರು ಅವರು, ಈ ದಡದವರು ಇವರು. ಬೇರೆ ಹುಡುಗಿಯಾಗಿದ್ದರೆ ನಾಚಿಕೊಂಡು ಹೂಂ ಅಂದುಬಿಡುತ್ತಿದ್ದಳು. ಆರ್ಡಿತ್ "ಮೂರು ವಾರ ಟೈಮ್ ಕೊಡು" ಎಂದು ಹೇಳಿ, ಕೋರ್ಟಿನ ಕಚೇರಿಗೆ ಹೋಗಿ, ಮದುವೆಯ ದಫ್ತರ ಆಸ್ತಿಯ ದಫ್ತರ ಎಲ್ಲ ತೆಗೆಸಿ ಕೂತಳು. ಮೂರನೆಯ ವಾರ ಅವನ ಮುಂದೆ ನಿಂತು, "ಐದು ತಲೆಮಾರು ಹಿಂದೆ ಇಬ್ರದ್ದೂ ಒಂದೇ ಬೇರು. ಜೆಸ್ಸಿ ಅಂತ. ನಮ್ಮೋನು ಅವನ ದೊಡ್ಡ ಮಗ ಹಿರಾಮ್, ನಿಮ್ಮೋನು ಎರಡನೇ ಮಗ. ಪರವಾಗಿಲ್ಲ, ಆಗ್ಬೋದು" ಎಂದಳು. ಕ್ಲೋವಿಸ್ ಈ ಕಥೆಯನ್ನು ಸಾಯುವವರೆಗೂ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ. "ನನ್ನ ಕಾಗದಪತ್ರ ಸರಿ ಇತ್ತು ಅಂತ ಒಪ್ಕೊಂಡಿದ್ದು ಇವ್ಳು, ಮುಖ ನೋಡಿ ಅಲ್ಲ" ಎಂದು ನಗುತ್ತಿದ್ದ.

ಅಲ್ಲಿಂದ ಮುಂದೆ ಇಪ್ಪತ್ತೆಂಟು ವರ್ಷ, ಶಾಲೆಗೆ ರಜೆ ಸಿಕ್ಕಾಗಲೆಲ್ಲ ದಫ್ತರಗಳ ಧೂಳು ಕುಡಿದು, ೧೯೭೯ರಲ್ಲಿ ಅವಳು ಒಂದು ಪುಸ್ತಕ ಮಾಡಿಸಿದಳು. ನೀಲಿ ರಟ್ಟು, ಎಂಬತ್ತೆಂಟು ಪುಟ, ಸ್ಪರ್ಲಾಕರ ವಂಶದ ಪೂರಾ ಚರಿತ್ರೆ. ಪ್ಲಮ್ ಲಿಕ್‌ನ ಒಂದೊಂದು ಮನೆಯಲ್ಲೂ ಅದು ಬೈಬಲ್ಲಿನ ಪಕ್ಕಕ್ಕೆ ಹೋಗಿ ಕೂತಿತು. ಬೈಬಲ್ಲಿನ ಮಾತನ್ನು ಅಲ್ಲಿ ಇಲ್ಲಿ ಪ್ರಶ್ನಿಸುವವರಿದ್ದರೂ ಆ ನೀಲಿ ರಟ್ಟನ್ನು ಪ್ರಶ್ನಿಸುವವರಿರಲಿಲ್ಲ.

ಆ ಪುಸ್ತಕದ ಹದಿನಾಲ್ಕನೆಯ ಪುಟದಲ್ಲಿ ಎರಡು ಸಾಲು ಇತ್ತು: "೧೮೨೮ರಲ್ಲಿ ಜೆಸ್ಸಿ ತೀರಿಕೊಂಡ ವರ್ಷವೇ ಅವನ ಹೆಂಡತಿ ಮಹಾಲಾ ಮೂರು ಮಕ್ಕಳನ್ನು ಪರರ ಪಾಲಿಗೆ ಬಿಟ್ಟು ಹೊರಟುಹೋದಳು. ಮುಪ್ಪಿನಲ್ಲಿ ಅನ್ನದ ಆಸರೆ ಬೇಕಾದಾಗ ಮಗನ ಮನೆಗೆ ಹಿಂದಿರುಗಿದಳು."

ಆರ್ಡಿತ್ ಇದನ್ನು ಗಾಳಿಯಲ್ಲಿ ಹುಟ್ಟಿಸಿರಲಿಲ್ಲ. ಆ ಕಾಲದಲ್ಲಿ ಅಪ್ಪ ಸತ್ತರೆ, ಅಮ್ಮ ಕಣ್ಣೆದುರಿಗೇ ಇದ್ದರೂ ಕೋರ್ಟಿನ ಮಟ್ಟಿಗೆ ಮಕ್ಕಳು ತಬ್ಬಲಿಗಳು. ಯಾರಾದರೂ ಗಂಡಸಿನ ಕೈಗೆ, ಪ್ರಾಯಕ್ಕೆ ಬರುವವರೆಗೆ ಕೆಲಸ ಕಲಿಸು ಎಂದು ಬರೆದುಕೊಟ್ಟುಬಿಡುತ್ತಿದ್ದರು. ಜೆಸ್ಸಿಯ ಮಕ್ಕಳನ್ನು ನೆರೆಯವನಾದ ಈನಸ್ ಪ್ರೇಟರನಿಗೆ ಒಪ್ಪಿಸಿದ ಆದೇಶ ಕೋರ್ಟಿನ ಪುಸ್ತಕದಲ್ಲಿತ್ತು. ಆಮೇಲೆ ೧೮೩೦ರ ಜನಗಣತಿ. ಆಗಿನ ಗಣತಿಯಲ್ಲಿ ಹೆಸರು ಬರೆಯುತ್ತಿದ್ದದ್ದು ಮನೆಯ ಯಜಮಾನನದು ಮಾತ್ರ. ಮಿಕ್ಕವರೆಲ್ಲ ಬರೀ ಗೀಟುಗಳು: ಐದರೊಳಗಿನ ಹೆಣ್ಣು ಒಂದು, ಹತ್ತರೊಳಗಿನ ಗಂಡು ಎರಡು, ಹೀಗೆ ವಯಸ್ಸಿನ ಕಾಲಂಗಳಲ್ಲಿ ಎಳೆದ ಗೀಟುಗಳು. ಯಜಮಾನರ ಪಟ್ಟಿಯಲ್ಲಿ ಮಹಾಲಾ ಎಲ್ಲೂ ಇರಲಿಲ್ಲ. ಈನಸನ ಸಾಲಿನಲ್ಲಿ ಮಕ್ಕಳ ಮೂರು ಗೀಟೂ ಸರಿಯಾಗಿದ್ದವು. ಅವನದೊಂದು, ಅವನ ಮುದಿ ಹೆಂಡತಿಯದೊಂದು. ಜೊತೆಗೆ ಮೂವತ್ತರಿಂದ ನಲವತ್ತರೊಳಗಿನ ಹೆಂಗಸಿನದೊಂದು. ಅದು ಈನಸನ ಮದುವೆಯಾಗದ ಮಗಳು ಎಂದು ಆರ್ಡಿತ್ ತೀರ್ಮಾನಿಸಿದಳು. ಇಪ್ಪತ್ತು ವರ್ಷದ ನಂತರದ ಗಣತಿಯಲ್ಲಿ, ಎಲ್ಲರ ಹೆಸರೂ ಬರೆಯತೊಡಗಿದ ಮೇಲೆ, ಮಹಾಲಾ ಹಿರಾಮನ ಮನೆಯಲ್ಲಿ ಪ್ರತ್ಯಕ್ಷಳಾಗಿದ್ದಳು. ನಡುವೆ ಎಲ್ಲಿದ್ದಳು? ಓಡಿಹೋಗಿದ್ದಳು. ಮತ್ತೇನು ಹೇಳಬೇಕು?

ಪುಸ್ತಕ ಹಂಚಿದ ಮರುದಿನವೇ ಓರ್ಫಾ ಬಂದಳು. ದೊಡ್ಡಪ್ಪನ ಮಗಳು, ಆರ್ಡಿತ್‌ಗಿಂತ ಹನ್ನೆರಡು ವರ್ಷ ದೊಡ್ಡವಳು, ಗಟ್ಟಿ ಜೀವ. ಬಾಗಿಲಲ್ಲೇ ನಿಂತು ಪುಸ್ತಕ ಎತ್ತಿ ಹಿಡಿದಳು.

"ಯಾವ ಧೈರ್ಯದ ಮೇಲೆ ಬರ್ದೆಯೇ ಇದನ್ನ?"

"ಧೈರ್ಯದ ಮೇಲಲ್ಲ, ಕಾಗದದ ಮೇಲೆ ಬರ್ದಿದ್ದೀನಿ. ಒಳಗೆ ಬಾ, ಕಾಫಿ ಕುಡಿ."

"ನಿನ್ನ ಕಾಫಿ ನೀನೇ ಕುಡಿ. ಅಜ್ಜಿ ಸೊಸೆಯಾಗಿ ಬಂದಾಗ ಹಿರಾಮ್ ತಾತ ಇನ್ನೂ ಇದ್ರು. ಅವ್ರೇ ಅಜ್ಜಿ ಹತ್ರ ಹೇಳಿದ್ರಂತೆ, ನಮ್ಮಮ್ಮ ಒಂದಿನಾನೂ ನನ್ನ ಕಣ್ಣಿಂದ ಮರೆಯಾಗ್ಲಿಲ್ಲ ಅಂತ. ಅಜ್ಜಿ ನನಗೆ ಹೇಳಿದ್ಲು."

"ಎಂಬತ್ತರ ಹತ್ರದ ಮುದುಕರ ಮಾತು ಅದು, ಓರ್ಫಾ. ಕಾಗದ ಇದ್ರೆ ತೋರ್ಸು."

"ಕಾಗದ ನಾನೆಲ್ಲಿಂದ ತರ್ಲಿ?"

"ಹಾಗಾದ್ರೆ ಸುಮ್ನಿರು."

ಓರ್ಫಾ ಸುಮ್ಮನಾದಳು. ಎಷ್ಟು ಸುಮ್ಮನಾದಳೆಂದರೆ, ಅವತ್ತಿನಿಂದ ಇಪ್ಪತ್ತೇಳು ವರ್ಷ ಅವಳು ಆರ್ಡಿತ್ ಜೊತೆ ಹವೆಯ ವಿಷಯ, ಉಪ್ಪಿನಕಾಯಿಯ ವಿಷಯ ಬಿಟ್ಟು ಬೇರೇನೂ ಮಾತಾಡಲಿಲ್ಲ. ಮೊದಲು ಇಬ್ಬರೂ ಬಟ್ಟೆ ಬಿಗಿದ ಒಂದೇ ಮರದ ಚೌಕಟ್ಟಿಗೆ ಆಚೀಚೆ ಕೂತು ಹೊದಿಕೆ ಹೊಲಿಯುತ್ತಿದ್ದವರು. ಆ ಚೌಕಟ್ಟು ಆಮೇಲೆ ಓರ್ಫಾಳ ಅಟ್ಟ ಸೇರಿತು.

ಪ್ಲಮ್ ಲಿಕ್‌ನ ಸ್ಪರ್ಲಾಕರು ಪ್ರತಿ ಜೂನ್ ತಿಂಗಳ ಎರಡನೆಯ ಭಾನುವಾರ ಗುಡ್ಡದ ಮೇಲಿನ ಸ್ಮಶಾನದಲ್ಲಿ ಸೇರುತ್ತಾರೆ. ಗೋರಿಗಳಿಗೆಲ್ಲ ಹೂವಿಟ್ಟು, ಪ್ರಾರ್ಥನೆ ಮುಗಿಸಿ, ಓಕ್ ಮರಗಳ ಕೆಳಗೆ ಉದ್ದ ಮೇಜು ಹಾಕಿ ಉಣ್ಣುತ್ತಾರೆ. ಮಹಾಲಾಳ ಗೋರಿ ಬೇಲಿಯ ಮೂಲೆಯಲ್ಲಿತ್ತು. ಹೊಳೆಯ ಚಪ್ಪಟೆ ಕಲ್ಲು, ಮೇಲೆ ಒಂದಕ್ಷರವಿಲ್ಲ. ನೀಲಿ ಪುಸ್ತಕ ಬಂದ ಮೇಲೆ ಅಲ್ಲಿಗೆ ಹೂವು ಬರುವುದು ನಿಂತಿತು. ಇಡಬೇಡಿ ಎಂದು ಯಾರೂ ಯಾರಿಗೂ ಹೇಳಲಿಲ್ಲ, ಹೂವಿನ ಬುಟ್ಟಿ ಬೇಲಿಯ ಮೂಲೆಯವರೆಗೆ ಹೋಗುತ್ತಿರಲಿಲ್ಲ ಅಷ್ಟೆ. ತಾಯಂದಿರು ಮಕ್ಕಳಿಗೆ ಆ ಕಲ್ಲು ತೋರಿಸಿ, "ಮಕ್ಕಳನ್ನ ಬಿಟ್ಟು ಹೋದೋಳು" ಎನ್ನುತ್ತಿದ್ದರು. ಓರ್ಫಾ ಮಾತ್ರ ಮೂಲೆಯ ತನಕ ಹೋಗಿ, ಅಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತಿದ್ದಳು. ಆರ್ಡಿತ್ ಅದನ್ನು ನೋಡಿಯೂ ನೋಡದ ಹಾಗೆ ಕೋಳಿ ಹುರಿದದ್ದನ್ನು ಹಂಚುತ್ತಿದ್ದಳು.

ಕ್ಲೋವಿಸ್ ೨೦೦೧ರಲ್ಲಿ ತೀರಿಕೊಂಡ. ಹೊಲ ಮಾಡುವವರಿಲ್ಲದೆ ಆರ್ಡಿತ್ ಅವನ ಟ್ರ್ಯಾಕ್ಟರು, ನೇಗಿಲು, ಹತ್ಯಾರುಗಳನ್ನೆಲ್ಲ ಅಂಗಳದಲ್ಲಿ ಹರಾಜಿಗೆ ಇಟ್ಟಳು. ಹರಾಜು ಕೂಗುವವನು ಅವಳ ಸೋದರನ ಮಗ ವರ್ಡನ್. ಅಂಗಳದ ತುಂಬ ಜನ, ಲೆಕ್ಸಿಂಗ್ಟನ್ ಪಟ್ಟಣದಿಂದ ಹಳೆ ಸಾಮಾನಿನ ವ್ಯಾಪಾರಿಗಳೂ ಬಂದಿದ್ದರು. ಗಡಿಬಿಡಿಯಲ್ಲಿ ಯಾರೋ ಕ್ಲೋವಿಸನ ಪಿಟೀಲನ್ನೂ ಹರಾಜಿನ ಗಾಡಿಗೆ ಹೇರಿಬಿಟ್ಟಿದ್ದರು. ಅದು ವರ್ಡನ್‌ನ ಕೈಯಲ್ಲಿ ಮೇಲೆದ್ದಾಗಲೇ ಆರ್ಡಿತ್ ನೋಡಿದ್ದು. ಕೂಗಿ ನಿಲ್ಲಿಸಬಹುದಿತ್ತು. ಅದರ ಬದಲು ಕೈ ಎತ್ತಿದಳು.

"ಒಂದು ಡಾಲರ್" ಎಂದಳು.

ಅಂಗಳ ಗಪ್‌ಚಿಪ್ಪಾಯಿತು. ಹೊರಗಿನ ವ್ಯಾಪಾರಿಯೊಬ್ಬ ಬೆಲೆ ಏರಿಸಲು ಕೈ ಎತ್ತಿದ. ಪಕ್ಕದಲ್ಲಿದ್ದ ಮುದುಕನೊಬ್ಬ ಆ ಕೈಯನ್ನು ಮೆತ್ತಗೆ ಹಿಡಿದು ಕೆಳಗಿಳಿಸಿ, "ಅವ್ರ ಮನೆಯವ್ರದ್ದು ಕಣಪ್ಪ ಅದು" ಎಂದ. ವರ್ಡನ್ ಎರಡನೆಯ ಸಲ ಕೂಗಲೂ ಇಲ್ಲ, ಸುತ್ತಿಗೆ ಹೊಡೆದ. ಸತ್ತವನ ಹೆಂಡತಿ ಕೈ ಎತ್ತಿದರೆ ಅದರ ಮೇಲೆ ಕೂಗಬಾರದು: ಆ ಸೀಮೆಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪಿಟೀಲು ಮತ್ತೆ ಗೋಡೆಗೆ ಹೋಯಿತು.

ಐದು ವರ್ಷ ಕಳೆದು, ಮೇ ತಿಂಗಳ ಒಂದು ಬೆಳಿಗ್ಗೆ ಕೋರ್ಟಿನ ಕಚೇರಿಯ ಟಮ್ರಾ ಫೋನ್ ಮಾಡಿದಳು. ನೆಲಮಾಳಿಗೆಗೆ ಬಣ್ಣ ಬಳಿಯಲು ಸಾಮಾನು ಎತ್ತಿದಾಗ, ಯಾರೂ ಬಿಚ್ಚದ ತಗಡಿನ ಡಬ್ಬಿಗಳು ಸಿಕ್ಕಿದ್ದವು.

"ಆರ್ಡಿತ್ ಅತ್ತೆ, ಇಲ್ಲಿ ನಿಮ್ಮ ಜೆಸ್ಸಿಯ ಹೆಸರಿನದೊಂದು ಕಟ್ಟಿದೆ. ಬರ್ತೀರೋ, ಇಲ್ಲ ಇಲಿಗೆ ಹಾಕ್ಲೋ?"

"ಮುಟ್ಬೇಡ. ಕೈ ತೊಳ್ಕೊಂಡು ಸುಮ್ನೆ ಕೂತ್ಕೋ. ಬಂದೆ."

ಕಟ್ಟು ಎರಡಿದ್ದವು. ಮೊದಲನೆಯದು ಜೆಸ್ಸಿಯದು. ಅವನು ಸತ್ತ ಮೇಲೆ ಮನೆಯ ಸಾಮಾನು ಹರಾಜು ಹಾಕಿದ ಪಟ್ಟಿ: ಎಡಗಡೆ ಸಾಮಾನು, ನಡುವೆ ಕೊಂಡವರ ಹೆಸರು, ಬಲಗಡೆ ಬೆಲೆ. ಆರ್ಡಿತ್ ಕನ್ನಡಕ ಏರಿಸಿಕೊಂಡು ಬೆರಳಿಟ್ಟು ಓದುತ್ತ ಹೋದಳು. ಕುದುರೆ, ನೇಗಿಲು, ಕೋವಿ, ಗರಗಸ: ಬೇರೆ ಬೇರೆಯವರು ಕೊಂಡಿದ್ದರು, ಒಳ್ಳೆಯ ಬೆಲೆ ಬಂದಿತ್ತು. ಅದರ ಕೆಳಗೆ ನೂಲುವ ರಾಟೆ, ಈನಸ್ ಪ್ರೇಟರ್. ಮುಚ್ಚಳವಿರುವ ಕಬ್ಬಿಣದ ಪಾತ್ರೆ, ಈನಸ್ ಪ್ರೇಟರ್. ಹಾಸಿಗೆ ಸಮೇತ ಮಂಚ, ಈನಸ್ ಪ್ರೇಟರ್. ಕೆಂಪು ಹಸು, ತೊಟ್ಟಿಲು. ಎಲ್ಲ ಈನಸ್ ಪ್ರೇಟರ್. ಮತ್ತು ಬೆಲೆ? ಹಸುವಿನ ಬೆಲೆಗೆ ಕೋಳಿ ಬರುತ್ತಿರಲಿಲ್ಲ.

"ಎಂಥ ಜಿಪುಣ ನೋಡಿ ಇವ್ನು" ಎಂದಳು ಟಮ್ರಾ, ಹೆಗಲ ಮೇಲಿಂದ ಬಗ್ಗಿ. "ವಿಧವೆ ಮನೆ ಸಾಮಾನು ಪುಕ್ಸಟ್ಟೆ ಹೊಡ್ಕೊಂಡಿದ್ದಾನೆ."

ಆರ್ಡಿತ್‌ಳ ಬೆರಳು ತೊಟ್ಟಿಲಿನ ಮೇಲೆ ನಿಂತಿತ್ತು. ಹರಾಜಿಗೆ ಬಂದ ಇಪ್ಪತ್ತು ಮೂವತ್ತು ಜನ, ಕೋವಿಗೆ ನಾ ಮುಂದು ತಾ ಮುಂದು ಎಂದು ಕೂಗಿದವರು, ಹಾಲು ಕರೆಯುವ ಹಸು ಕಣ್ಣೆದುರಿಗೆ ಬಂದಾಗ ಯಾಕೆ ತೆಪ್ಪಗಿದ್ದರು? ಒಬ್ಬ ಗಂಡಸಿಗೆ ಹೆದರಿ ಇಷ್ಟು ಜನ ಬಾಯಿ ಮುಚ್ಚಿಕೊಳ್ಳುವುದಿಲ್ಲ. ಅವನು ಯಾರಿಗಾಗಿ ಕೊಳ್ಳುತ್ತಿದ್ದಾನೆಂದು ಗೊತ್ತಿದ್ದರೆ ಮಾತ್ರ ಮುಚ್ಚಿಕೊಳ್ಳುತ್ತಾರೆ. ತನ್ನ ಅಂಗಳದ ಆ ಮೌನ ಅವಳಿಗೆ ಈ ಕಾಗದದಲ್ಲಿ ಕೇಳಿಸಿತು.

ಎರಡನೆಯ ಕಟ್ಟು ಈನಸನದು, ೧೮೪೧. ಅವನ ಆಸ್ತಿ ಹಂಚಿದ ಕಾಗದ. ಹೆಂಡತಿ ಲಿಡಿಯಾಳ ಪಾಲು ಕಳೆದು ಮಿಕ್ಕದ್ದೆಲ್ಲ ತಮ್ಮಂದಿರ ಮಕ್ಕಳಿಗೆ. ಯಾಕೆಂದರೆ ಸದರಿ ಈನಸನಿಗೂ ಲಿಡಿಯಾಳಿಗೂ ಎಂದೂ ಸಂತಾನವೇ ಆಗಿಲ್ಲ.

ಸಂತಾನವೇ ಆಗಿಲ್ಲ. ಹಾಗಾದರೆ ಮದುವೆಯಾಗದ ಮಗಳು ಎಲ್ಲಿಂದ ಬಂದಳು?

ಆರ್ಡಿತ್ ೧೮೩೦ರ ಗಣತಿಯ ಸಾಲನ್ನು ನೆನೆದಳು. ಆ ಗೀಟು. ಮೂವತ್ತರಿಂದ ನಲವತ್ತರೊಳಗಿನ ಹೆಂಗಸು. ಮಹಾಲಾಳಿಗೆ ಆಗ ಮೂವತ್ತನಾಲ್ಕು. ರಾಟೆ, ಪಾತ್ರೆ, ಮಂಚ, ತೊಟ್ಟಿಲು ಎಲ್ಲ ಹೋದದ್ದು ಮಕ್ಕಳು ಹೋದ ಮನೆಗೇ. ಅವುಗಳ ಒಡತಿಯೂ ಅಲ್ಲಿಗೇ ಹೋಗಿದ್ದಳು. ಕೋರ್ಟು ಮಕ್ಕಳನ್ನು ಕೊಟ್ಟಿತು, ಅವಳನ್ನು ಯಾರೂ ಕರೆಯಲಿಲ್ಲ, ಅವಳೇ ಹಿಂದೆ ನಡೆದಳು. ಇಪ್ಪತ್ತೆಂಟು ವರ್ಷ ದಫ್ತರ ಓದಿದ ತಾನು, ಅಲ್ಲೇ ಕಣ್ಣೆದುರಿಗಿದ್ದ ತಾಯಿಯನ್ನು ಓಡಿಸಿಬಿಟ್ಟಿದ್ದೆ ಎಂದು ಆರ್ಡಿತ್‌ಗೆ ನಾಚಿಕೆಯಾಯಿತು. ಹರಾಜಿನಲ್ಲಿ ಮಹಾಲಾ ತಾನೇ ಯಾಕೆ ಕೊಳ್ಳಲಿಲ್ಲ ಎಂಬುದು ಕಾಗದದಲ್ಲಿರಲಿಲ್ಲ. ಕಾಗದದಲ್ಲಿ ಇಲ್ಲದ್ದನ್ನು ತಾನು ಒಮ್ಮೆ ಹೇಳಿದ್ದೇ ಸಾಕು ಎನ್ನಿಸಿತು ಅವಳಿಗೆ.

ಕತೆಯನ್ನೆಲ್ಲ ಕೇಳಿದ ಟಮ್ರಾ, "ಅತ್ತೆ, ಇದನ್ನ ಓದಿದ್ದು ನಾವಿಬ್ರೇ. ಈಗ ಕೆದಕಿದ್ರೆ ನಾಳೆಯಿಂದ ಒಬ್ಬೊಬ್ರೂ ನಿಮ್ಮ ಪುಸ್ತಕದ ಒಂದೊಂದು ಪುಟಕ್ಕೂ ಹುಬ್ಬು ಹಾರಿಸ್ತಾರೆ" ಎಂದಳು.

"ಹಾರಿಸ್ಲಿ."

ಅಂದದ್ದು ಸುಲಭ. ಊರಿನಲ್ಲಿ ಅವಳಿಗಿದ್ದ ಆಸ್ತಿ ಎಂದರೆ ಅದೊಂದೇ: ಆರ್ಡಿತ್ ಹೇಳಿದರೆ ಮುಗಿಯಿತು ಎಂಬ ಮಾತು. ಮಕ್ಕಳಿರಲಿಲ್ಲ, ಗಂಡ ಹೋಗಿದ್ದ. ಆ ಮಾತನ್ನೂ ಬಿಟ್ಟುಕೊಟ್ಟರೆ ತಾನು ಬೀನ್ಸ್ ಬೇಯಿಸುತ್ತಿದ್ದ ಮುದುಕಿ, ಅಷ್ಟೆ. ಓರ್ಫಾಳಿಗೆ ಎಂಬತ್ತಾರು, ಆ ಚಳಿಗಾಲದಲ್ಲಿ ಎರಡು ಸಲ ಆಸ್ಪತ್ರೆ ಕಂಡುಬಂದಿದ್ದಳು. ಇನ್ನೊಂದು ಜೂನ್ ಕಾಯುವ ಹಾಗಿರಲಿಲ್ಲ. ಆರ್ಡಿತ್ ಮರುವಾರವೇ ಕಲ್ಲು ಕೆತ್ತುವವನ ಹತ್ತಿರ ಹೋಗಿ ಒಂದು ಬೂದು ಕಲ್ಲಿಗೆ ದುಡ್ಡು ಕಟ್ಟಿದಳು. ಅದರ ಮೇಲೆ ಕೆತ್ತುವ ಮಾತನ್ನು ಆಮೇಲೆ ಬರೆದು ಕೊಡುತ್ತೇನೆ ಎಂದಳು. ಮಾತು ಬರೆಯಲು ಕೂತರೆ ಹನ್ನೊಂದು ಸಾಲಾಯಿತು, ದಫ್ತರದ ಪುಟಸಂಖ್ಯೆ ಸಮೇತ.

ಎರಡನೆಯ ಭಾನುವಾರ ಬಿಸಿಲು ಹದವಾಗಿತ್ತು. ಪ್ರಾರ್ಥನೆ ಮುಗಿದು, ಎಲ್ಲರೂ ತಟ್ಟೆ ಕೈಗೆ ತೆಗೆದುಕೊಳ್ಳುವ ಮೊದಲು ಆರ್ಡಿತ್ ಎದ್ದು ನಿಂತಳು. ಅವಳು ಎದ್ದರೆ ಯಾರದೋ ಜನ್ಮದಿನಾಂಕ ತಿದ್ದುತ್ತಾಳೆಂದು ಜನ ನಗಲು ಸಿದ್ಧರಾದರು.

"ನಮ್ಮ ಪುಸ್ತಕದ ಹದಿನಾಲ್ಕನೇ ಪುಟ ತಪ್ಪು" ಎಂದಳು. ನಗು ನಿಂತಿತು. ರಾಟೆಯಿಂದ ಹಿಡಿದು ತೊಟ್ಟಿಲವರೆಗೆ, ಈನಸನ ಮನೆಯ ಆ ಒಂದು ಗೀಟಿನವರೆಗೆ, ಏನೂ ಬಿಡದೆ ಹೇಳಿದಳು. ಕೊನೆಗೆ, "ಮಹಾಲಾ ಮಕ್ಕಳನ್ನ ಬಿಟ್ಟು ಹೋಗ್ಲಿಲ್ಲ. ಹಾಗಂತ ಹೇಳಿದ್ದು ಕಾಗದ ಅಲ್ಲ, ನಾನು. ಇಪ್ಪತ್ತೇಳು ವರ್ಷ ಅವಳ ಗೋರಿಗೆ ಹೂವಿಲ್ಲದ ಹಾಗೆ ಮಾಡಿದ್ದು ನಾನು" ಎಂದಳು. ಒಂದು ಡಬ್ಬಿ ಪೆನ್ನು ತಂದಿದ್ದಳು. "ಎಲ್ರೂ ಮನೇಲಿ ಆ ಎರಡು ಸಾಲು ಹೊಡ್ದು ಹಾಕಿ" ಎಂದು ಹಂಚುತ್ತ ಹೋದಳು.

ಓರ್ಫಾ ಮೇಜಿನ ತುದಿಯಲ್ಲಿ, ಮೊಮ್ಮಗಳು ತಂದಿಟ್ಟ ಕುರ್ಚಿಯಲ್ಲಿ ಕೂತಿದ್ದಳು. ಆರ್ಡಿತ್ ಪೆನ್ನು ಚಾಚಿದಳು. ಓರ್ಫಾ ತೆಗೆದುಕೊಳ್ಳಲಿಲ್ಲ. ಮಡಿಲಲ್ಲಿದ್ದ ಚೀಲದಿಂದ ನೀಲಿ ಪುಸ್ತಕ ತೆಗೆದು, ಬೆರಳಿಗೆ ಉಗುಳು ಹಚ್ಚಿ, ಹದಿನಾಲ್ಕನೆಯ ಪುಟ ಬಿಡಿಸಿ ಅವಳ ಮುಂದೆ ಹಿಡಿದಳು. ಎರಡು ಸಾಲಿನ ಮೇಲೂ ಪೆನ್ಸಿಲ್ಲಿನಿಂದ ಅಡ್ಡಗೆರೆ ಎಳೆದಿತ್ತು. ಹಳೆಯ ಗೆರೆ, ಮಾಸಿ ಬೆಳ್ಳಗಾಗಿತ್ತು.

"ಯಾವಾಗ ಎಳ್ದೆ?" ಎಂದಳು ಆರ್ಡಿತ್.

"ನೀನು ಸುಮ್ನಿರು ಅಂದ್ಯಲ್ಲ, ಅವತ್ತು ಮನೆಗೆ ಹೋಗಿ" ಎಂದಳು ಓರ್ಫಾ. "ನನ್ನ ಹತ್ರ ಕಾಗದ ಇರ್ಲಿಲ್ಲ. ಪೆನ್ಸಿಲ್ ಇತ್ತು."

"ನನ್ನದು ತಪ್ಪಾಯ್ತು ಕಣೇ" ಎಂದಳು ಆರ್ಡಿತ್.

"ಆಯ್ತು ಬಿಡು, ಕೂತ್ಕೊಂಡು ಉಣ್ಣು. ಕೋಳಿ ಆರ್ತಾ ಇದೆ."

ಊಟವಾದ ಮೇಲೆ ಪ್ರತಿ ವರ್ಷದಂತೆ ಹರಾಜು. ಸ್ಮಶಾನದ ಹುಲ್ಲು ಕೊಯ್ಯಿಸುವ ಖರ್ಚಿಗೆಂದು ಅವರವರು ತಂದ ಕೇಕು, ಜಾಮು, ಹೊದಿಕೆಗಳನ್ನು ವರ್ಡನ್ ಕೂಗುತ್ತಾನೆ. ಆ ಸಲ ಕೊನೆಯ ಕೇಕೂ ಹೋದ ಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಇನ್ನೊಂದಿದೆ. ಮಹಾಲಾ ಅಜ್ಜಿಗೆ ಆರ್ಡಿತ್ ಅತ್ತೆ ಕಲ್ಲು ಹಾಕಿಸ್ತಿದ್ದಾರೆ. ಕಲ್ಲು ಬಂದಿದೆ, ಮಾತು ಇನ್ನೂ ಕೆತ್ತಿಲ್ಲ. ಆ ಮಾತು ಬರಿಯೋ ಹಕ್ಕು ಈಗ ಹರಾಜಿಗೆ! ಹತ್ತು ಡಾಲರಿಂದ ಶುರು ಮಾಡೋಣ್ವಾ?"

ಅವನ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಬರೆಯುವವಳು ಆರ್ಡಿತ್ ತಾನೆ, ಬೇರೆ ಯಾರು? ಎಷ್ಟಾದರೂ ಕೊಡುತ್ತಾಳೆ, ಎರಡು ವರ್ಷದ ಹುಲ್ಲಿನ ಖರ್ಚು ಗಿಟ್ಟುತ್ತದೆ. ಆರ್ಡಿತ್‌ಳ ಕೈ ಆಗಲೇ ಚೀಲದ ಒಳಗೆ, ಹನ್ನೊಂದು ಸಾಲಿನ ಕಾಗದದ ಮೇಲಿತ್ತು.

"ಒಂದು ಡಾಲರ್."

ಕೂಗಿದ್ದು ಓರ್ಫಾ. ಕುರ್ಚಿಯಿಂದ ಏಳಲಾಗದೆ, ಕೈಯನ್ನು ಭುಜದ ಮಟ್ಟಕ್ಕೆ ಮಾತ್ರ ಎತ್ತಿದ್ದಳು. ಮೇಜಿನ ಸುತ್ತ ಮಾತು ನಿಂತಿತು. ಎಲ್ಲರೂ ಆರ್ಡಿತ್‌ಳನ್ನೇ ನೋಡಿದರು. ಅವಳು ಜೀವಮಾನದಲ್ಲಿ ಯಾರಿಗೂ ಕೊನೆಯ ಮಾತು ಬಿಟ್ಟುಕೊಟ್ಟವಳಲ್ಲ. ವರ್ಡನ್ ಸುತ್ತಿಗೆ ಎತ್ತಿ ಹಿಡಿದೇ ಇದ್ದ.

"ಒಂದು ಡಾಲರ್... ಆರ್ಡಿತ್ ಅತ್ತೆ?"

ಆರ್ಡಿತ್ ಕೈಯನ್ನು ಚೀಲದಿಂದ ತೆಗೆದು ಮಡಿಲ ಮೇಲೆ ಇಟ್ಟುಕೊಂಡಳು.

"ನನ್ನ ಮುಖ ಯಾಕೆ ನೋಡ್ತೀಯ? ಅವಳದ್ದು ಕಣೋ ಅದು. ಹೊಡಿ ಸುತ್ತಿಗೆ."

ವರ್ಡನ್ ಹೊಡೆದ. ಓರ್ಫಾ ಕರವಸ್ತ್ರದ ಗಂಟು ಬಿಚ್ಚಿ ಒಂದು ಡಾಲರ್ ನೋಟು ಕೊಟ್ಟು, "ನನ್ನ ಕೈ ನಡುಗುತ್ತೆ. ಆರ್ಡಿತ್, ನೀನು ಬರ್ಕೋ" ಎಂದಳು. ಆರ್ಡಿತ್ ಹನ್ನೊಂದು ಸಾಲಿನ ಕಾಗದವನ್ನು ಮಗುಚಿ, ಖಾಲಿ ಬೆನ್ನ ಮೇಲೆ ಪೆನ್ನು ಹಿಡಿದು ಕಾದಳು.

"ಮಹಾಲಾ ಸ್ಪರ್ಲಾಕ್" ಎಂದಳು ಓರ್ಫಾ. "ಮಕ್ಕಳು ಹೋದಲ್ಲಿಗೆ ಹೋದಳು."

ಆರ್ಡಿತ್ ಬರೆದುಕೊಂಡಳು. ಪೆನ್ನು ಇನ್ನೂ ಕಾಗದದ ಮೇಲೇ ಇತ್ತು. "ಇಸವಿ?" ಎಂದಳು.

"ಬೇಡ" ಎಂದಳು ಓರ್ಫಾ. "ಅಷ್ಟು ಸಾಕು."

ಆರ್ಡಿತ್ ಒಂದು ಗಳಿಗೆ ಆ ಸಾಲನ್ನು ನೋಡಿದಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು.